ಕೊಡುವವರ ಲೆಕ್ಕ, ಕಲಿಸುವವರ ಲೆಕ್ಕ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯನ್ನೇರಿದವನು ಪುಲಿಕೇಶಿಯಿಂದ ಮೊದಲು ಮಾಡಿ ಕೃಷ್ಣದೇವರಾಯನವರೆಗೆ ಬಂದು, ಉಪಾಹಾರದ ವೇಳೆಗೆ ಸರಿಯಾಗಿ ಮಾತು ಮುಗಿಸುವುದು ವಾಡಿಕೆ. ಸಂಘದವರು ನನಗೆ ಒಪ್ಪಿಸಿದ ವಿಷಯ ಮಾತ್ರ ಸರಕಾರಿ ಕಡತದಿಂದ ಎದ್ದು ಬಂದಂತಿದೆ. ರಾಜ್ಯದ ವಿಶ್ವವಿದ್ಯಾನಿಲಯಗಳಿಗೆ ಸರಕಾರವು ಹಣ ಕೊಡುವಾಗ ‘ಇಷ್ಟು ಸಾಧಿಸಿದರೆ ಇಷ್ಟು ಹಣ’ ಎಂದು ಗುರಿಯನ್ನು ಮುಂದಿಡುವುದು ಯುಕ್ತವೆ, ಅಲ್ಲವೆ ಎಂಬುದು ಪ್ರಶ್ನೆ. ಹಬ್ಬದೂಟದ ಮೊದಲು ಹಾಗಲಕಾಯಿ ಬಡಿಸಿದಂತಾಯಿತೆಂದು ಕೆಲವರಿಗೆ ತೋರಿದರೆ ಅದು ಅವರ ತಪ್ಪಲ್ಲ. ಆದರೆ ಈ ಸಭೆಯಲ್ಲಿ ಕುಳಿತ ಎಷ್ಟೋ ಮನೆಗಳ ಮಕ್ಕಳು ಮುಂಬಯಿ ವಿಶ್ವವಿದ್ಯಾನಿಲಯದ ಕಾಲೇಜುಗಳಲ್ಲಿ ಓದುತ್ತಿದ್ದಾರೆ; ಊರಿನಲ್ಲುಳಿದ ಅಣ್ಣತಮ್ಮಂದಿರ ಮಕ್ಕಳು ಧಾರವಾಡ, ಮಂಗಳೂರು, ಕಲಬುರ್ಗಿಗಳಲ್ಲಿ ಓದುತ್ತಿದ್ದಾರೆ. ಅವರ ಫೀ ಏರುವುದೂ ಇಳಿಯುವುದೂ (ಇಳಿದದ್ದನ್ನು ನಾನಂತೂ ಕಂಡಿಲ್ಲ), ಅವರಿಗೆ ಪಾಠ ಹೇಳಲು ಕಾಯಂ ಅಧ್ಯಾಪಕರು ಇರುವುದೂ ಇಲ್ಲದಿರುವುದೂ ಈ ಒಣ ವಿಷಯದಿಂದಲೇ ತೀರ್ಮಾನವಾಗುತ್ತದೆ.

ಇನ್ನೊಂದು ನಂಟೂ ಉಂಟು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯ ಮೊದಲು ಕಣ್ಣು ತೆರೆದದ್ದು ಧಾರವಾಡದಲ್ಲಲ್ಲ, ಇದೇ ಮುಂಬಯಿಯಲ್ಲಿ. 1949ರಲ್ಲಿ ಮುಂಬಯಿ ಪ್ರಾಂತದ ಕಾಯಿದೆಯಿಂದ ಅದು ಹುಟ್ಟಿತು. ಅದರ ಕಚೇರಿ ಮೊದಲು ಇಲ್ಲಿತ್ತು. 1950ರಲ್ಲಿ ತನ್ನ ಊರಿಗೆ ಹೋಯಿತು. ಅಂದರೆ ಇನ್ನೂ ಏಕೀಕರಣವಾಗದ ಕಾಲದಲ್ಲಿ, ಹಲವು ಭಾಷೆಗಳ ಒಂದು ಪ್ರಾಂತವು ಕನ್ನಡ ಜಿಲ್ಲೆಗಳ ಅಗತ್ಯವನ್ನು ಕಂಡು ಬೊಕ್ಕಸದ ಬಾಯಿ ತೆರೆಯಿತು. ‘ಅಗತ್ಯ’ ಎಂಬ ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ನನ್ನ ಮಾತು ಸುತ್ತಿ ಬಳಸಿ ಅಲ್ಲಿಗೇ ಬರುತ್ತದೆ.

ಹಣ ಕೊಟ್ಟವನು ಲೆಕ್ಕ ಕೇಳಬಾರದೆಂದು ನಾನು ಹೇಳುವವನಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಲೆಕ್ಕ ಕೇಳುವುದರಲ್ಲಿ ಅವರನ್ನು ಮೀರಿಸುವವರು ಯಾರು? ವಿಶ್ವವಿದ್ಯಾನಿಲಯಕ್ಕೆ ಹೋಗುವ ರೂಪಾಯಿ, ಅದರ ಮೆಟ್ಟಿಲನ್ನು ಎಂದೂ ಹತ್ತದ ಬೇಸಾಯಗಾರನ ಮತ್ತು ಗಿರಣಿ ಕೆಲಸಗಾರನ ತೆರಿಗೆಯ ರೂಪಾಯಿ. ಅವನ ಪರವಾಗಿ ಕೇಳುವವರು ಬೇಕೇ ಬೇಕು. ಪ್ರಶ್ನೆಯಿರುವುದು ಏನನ್ನು ಕೇಳಬೇಕು, ಯಾರನ್ನು ಕೇಳಬೇಕು ಎಂಬಲ್ಲಿ.

ಇದು ಹೊಸ ಪ್ರಶ್ನೆಯೂ ಅಲ್ಲ. 1862ರಲ್ಲಿ ಇಂಗ್ಲೆಂಡಿನ ಸರಕಾರ ‘ಫಲಕ್ಕೆ ತಕ್ಕ ಹಣ’ ಎಂಬ ಪದ್ಧತಿಯನ್ನು ಪ್ರಾಥಮಿಕ ಶಾಲೆಗಳಿಗೆ ತಂದಿತು. ಇನ್ಸ್‌ಪೆಕ್ಟರು ಬರುತ್ತಾನೆ, ಮಕ್ಕಳನ್ನು ಓದು, ಬರಹ, ಲೆಕ್ಕಗಳಲ್ಲಿ ಪರೀಕ್ಷಿಸುತ್ತಾನೆ, ಪಾಸಾದ ತಲೆಗಳನ್ನು ಎಣಿಸುತ್ತಾನೆ, ಅಷ್ಟಕ್ಕೆ ಹಣ. ಮಾಸ್ತರರು ಪಾಠ ಬಿಟ್ಟು ಬಾಯಿಪಾಠ ಹಿಡಿದರು. ಪುಸ್ತಕವನ್ನು ತಲೆಕೆಳಗಾಗಿ ಹಿಡಿದ ಮಕ್ಕಳೂ ತಡವರಿಸದೆ ಓದುತ್ತಿದ್ದರೆಂಬ ಮಾತು ಇಂದಿಗೂ ಉಳಿದಿದೆ. ಸ್ವತಃ ಇನ್ಸ್‌ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಅರ್ನಾಲ್ಡ್ ಇದನ್ನು ಕಟುವಾಗಿ ಖಂಡಿಸಿದನು. ಮದ್ರಾಸು, ಮುಂಬಯಿ ಪ್ರಾಂತಗಳ ಶಾಲೆಗಳಿಗೂ ಈ ಪದ್ಧತಿ ಬಂದಿತು. ಆದರೆ 1882ರಲ್ಲಿ ನೇಮಕವಾದ ಹಂಟರ್ ಆಯೋಗ ಕಾಲೇಜುಗಳ ಮಾತು ಬಂದಾಗ ಕೈಯಡ್ಡ ಹಿಡಿಯಿತು: ಫಲಕ್ಕೆ ತಕ್ಕ ಹಣದ ಪದ್ಧತಿ ಕಾಲೇಜುಗಳಿಗೆ ಬೇಡ. ಹಾಗಾದರೆ ಯಾವುದನ್ನು ನೋಡಿ ಕೊಡಬೇಕು? ಆಯೋಗ ನಾಲ್ಕು ಸಂಗತಿಗಳನ್ನು ಹೇಳಿತು. ಅಧ್ಯಾಪಕವರ್ಗದ ಬಲ, ನಿರ್ವಹಣೆಯ ವೆಚ್ಚ, ಸಂಸ್ಥೆಯ ದಕ್ಷತೆ, ಆ ಸ್ಥಳದ ಅಗತ್ಯ. ಪರಕೀಯರ ಆಳ್ವಿಕೆಯ ಆಯೋಗವಾದರೂ, ಇಷ್ಟು ಬುದ್ಧಿವಂತಿಕೆಯ ಸಾಲನ್ನು ನಾನು ಆಮೇಲಿನ ವರದಿಗಳಲ್ಲಿ ಕಂಡದ್ದು ಕಡಿಮೆ. ದಕ್ಷತೆಯನ್ನು ಅದು ಬಿಟ್ಟಿಲ್ಲ. ಆದರೆ ನಾಲ್ಕರಲ್ಲಿ ಒಂದಾಗಿ ಇಟ್ಟಿದೆ.

ಈಚಿನ ಕಾಲದಲ್ಲಿ ಗುರಿ ಮತ್ತು ಹಣದ ಒಪ್ಪಂದವನ್ನು ಬರವಣಿಗೆಯಲ್ಲಿಯೇ ಮಾಡಿಕೊಂಡು ನೋಡಿದ ನಾಡೆಂದರೆ ಅಮೆರಿಕೆಯ ಕ್ಯಾಲಿಫೋರ್ನಿಯಾ. ಅಲ್ಲಿಯ ರಾಜ್ಯ ವಿಶ್ವವಿದ್ಯಾನಿಲಯಕ್ಕೆ ಹತ್ತು ನೆಲೆಗಳಿವೆ. ಬರ್ಕ್ಲಿ, ಲಾಸ್ ಏಂಜಲೀಸ್ ಮುಂತಾದ ಹೆಸರುಗಳನ್ನು ನಮ್ಮ ಎಂಜಿನಿಯರ್ ಹುಡುಗರ ಬಾಯಲ್ಲಿ ನೀವು ಕೇಳಿರುತ್ತೀರಿ. 2004ರಲ್ಲಿ ಗವರ್ನರ್ ಶ್ವಾರ್ಜ್‌ನೆಗರ್ ಅವರು ವಿಶ್ವವಿದ್ಯಾನಿಲಯದೊಡನೆ ಒಂದು ಕರಾರು ಮಾಡಿಕೊಂಡರು. ಸರಕಾರ ಮೂಲ ಅನುದಾನವನ್ನು ಮೊದಲೆರಡು ವರ್ಷ ಶೇಕಡ 3ರಂತೆ, ಬಳಿಕ 4, 5ರಂತೆ ಏರಿಸುತ್ತದೆ. ವಿಶ್ವವಿದ್ಯಾನಿಲಯ ಇಷ್ಟು ಹೆಚ್ಚು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತದೆ, ಅವರು ಎಷ್ಟು ವರ್ಷಕ್ಕೆ ಪದವಿ ಮುಗಿಸಿದರೆಂದು ವರದಿ ಒಪ್ಪಿಸುತ್ತದೆ, ಗಣಿತ ವಿಜ್ಞಾನಗಳ ಅಧ್ಯಾಪಕರನ್ನು ತಯಾರು ಮಾಡುತ್ತದೆ. ಮೂರು ವರ್ಷ ಎಲ್ಲವೂ ಸರಿಯಾಗಿ ನಡೆಯಿತು. 2008ರಲ್ಲಿ ಜಗತ್ತಿನ ಹಣಕಾಸು ಕುಸಿಯಿತು. ಸರಕಾರದ ಹೆಚ್ಚಳ ನಿಂತಿತು, ಇದ್ದ ಅನುದಾನಕ್ಕೂ ಕತ್ತರಿ ಬಿತ್ತು. ಸೇರಿಸಿಕೊಂಡ ವಿದ್ಯಾರ್ಥಿಗಳು ಮಾತ್ರ ಸೇರಿಕೊಂಡೇ ಇದ್ದರು. 2009ರ ನವೆಂಬರಿನಲ್ಲಿ ವಿಶ್ವವಿದ್ಯಾನಿಲಯದ ಆಡಳಿತ ಮಂಡಲಿ ಫೀಯನ್ನು ಶೇಕಡ 32ರಷ್ಟು ಏರಿಸಲು ಒಪ್ಪಿತು. ಕರಾರು ಮುರಿದವರು ಒಬ್ಬರು, ದಂಡ ತೆತ್ತವರು ಇನ್ನೊಬ್ಬರು.

ಅಷ್ಟಕ್ಕೇ ಬಿಡಲಿಲ್ಲ. 2022ರಲ್ಲಿ ಗವರ್ನರ್ ನ್ಯೂಸಮ್ ಅವರ ಕಾಲದಲ್ಲಿ ಮತ್ತೆ ಐದು ವರ್ಷದ ಕರಾರಾಯಿತು. ವರ್ಷಕ್ಕೆ ಶೇಕಡ 5ರ ಹೆಚ್ಚಳ. ಅದಕ್ಕೆ ಪ್ರತಿಯಾಗಿ 2030ರ ಹೊತ್ತಿಗೆ ನಾಲ್ಕು ವರ್ಷದೊಳಗೆ ಪದವಿ ಮುಗಿಸುವವರು ಶೇಕಡ 76 ಆಗಬೇಕು, ಬಡಮನೆಯ ಮಕ್ಕಳಿಗೂ ಉಳಿದವರಿಗೂ ನಡುವಿನ ಅಂತರ ಅಳಿಯಬೇಕು, ಆ ರಾಜ್ಯದ ಮಕ್ಕಳಿಗೆ ಹೆಚ್ಚು ಸ್ಥಾನ ಸಿಗಬೇಕು. ಗುರಿಗಳೇನೋ ಒಳ್ಳೆಯವೇ. ಆದರೆ ಬೊಕ್ಕಸದಲ್ಲಿ ಕೊರತೆ ಕಂಡೊಡನೆ ಸರಕಾರ ಹೆಚ್ಚಳವನ್ನು ಮುಂದೆ ಮುಂದೆ ದೂಡಿತು. 2025–26ರ ಆಯವ್ಯಯದಲ್ಲಿ ಮೂಲ ಅನುದಾನದ ಶೇಕಡ 3ರಷ್ಟನ್ನೇ ಮುಂದಿನ ವರ್ಷಕ್ಕೆ ತಳ್ಳಿತು. ಅಲ್ಲಿಯ ಕರಾರಿನಲ್ಲಿ ವಿಶ್ವವಿದ್ಯಾನಿಲಯದ ಗುರಿಗೆ ಅಂಕಿಯುಂಟು, ವರದಿಯುಂಟು; ಸರಕಾರದ ಮಾತಿಗೆ ಕಟ್ಟುಪಾಡು ಇಲ್ಲ. ಏಕೆಂದರೆ ಆಯವ್ಯಯವನ್ನು ವರ್ಷ ವರ್ಷ ಶಾಸನಸಭೆಯೇ ಒಪ್ಪಬೇಕು. ಇಂದಿನ ಗವರ್ನರ್ ಕೊಟ್ಟ ಭಾಷೆ ನಾಳಿನ ಶಾಸನಸಭೆಯನ್ನು ಕಟ್ಟಿಹಾಕಲಾರದು.

ಅಮೆರಿಕೆಯ ಸಿರಿವಂತ ರಾಜ್ಯದ ಗತಿಯೇ ಹೀಗಾದರೆ ನಮ್ಮ ಕಡೆಯದು ಹೇಗೆ? ನಮ್ಮಲ್ಲಿ ಕೊಡುವ ಕೈ ಎರಡು. ಸಂಬಳ, ಪಿಂಚಣಿಗಳ ಹೊರೆ ಬಹುಮಟ್ಟಿಗೆ ರಾಜ್ಯದ್ದು. ಅಭಿವೃದ್ಧಿಯ ಹಣದಲ್ಲಿ ಕೇಂದ್ರದ ಪಾಲುಂಟು. 2013ರಲ್ಲಿ ಬಂದ ‘ರೂಸಾ’ ಯೋಜನೆ, 2023ರಿಂದ ‘ಪಿಎಂ-ಉಷಾ’ ಎಂಬ ಹೆಸರಿನಲ್ಲಿ ನಡೆದ ಅದರ ಮುಂದಿನ ರೂಪ, ಎರಡರಲ್ಲಿಯೂ ಸಾಧನೆ ನೋಡಿ ಹಣ ಕೊಡುವ ತತ್ತ್ವವಿದೆ. ದೊಡ್ಡ ರಾಜ್ಯಗಳಿಗೆ ಕೇಂದ್ರ 60 ಪಾಲು ಕೊಟ್ಟರೆ ರಾಜ್ಯ 40 ಸೇರಿಸಬೇಕು. ಉಷಾ ಯೋಜನೆಯಲ್ಲಿ ಆಯ್ದ 35 ವಿಶ್ವವಿದ್ಯಾನಿಲಯಗಳಿಗೆ ತಲಾ 100 ಕೋಟಿ ರೂಪಾಯಿ ಎಂದು ಗೊತ್ತುಮಾಡಿದರು. ಆಯ್ಕೆಗೆ ಒಂದು ಅಳತೆ ‘ನ್ಯಾಕ್’ ಶ್ರೇಣಿ. ಈ ನ್ಯಾಕ್ ಸಂಸ್ಥೆ 1994ರಲ್ಲಿ ಹುಟ್ಟಿದ್ದು, ಅದರ ಮುಖ್ಯ ಕಚೇರಿ ನಮ್ಮ ಬೆಂಗಳೂರಿನಲ್ಲಿಯೇ ಇದೆ.

ಈಗ ಚಕ್ರ ಹೇಗೆ ತಿರುಗುತ್ತದೆ, ನೋಡಿ. ಶ್ರೇಣಿ ಕೊಡುವಾಗ ಅಧ್ಯಾಪಕರೆಷ್ಟು, ವಿದ್ಯಾರ್ಥಿಗಳೆಷ್ಟು, ಸಂಶೋಧನೆಯೆಷ್ಟು ಎಂದು ನೋಡುತ್ತಾರೆ. ಅದು ನ್ಯಾಯವೇ. ಆದರೆ ಅಧ್ಯಾಪಕರ ಹುದ್ದೆ ತುಂಬಲು ಕುಲಪತಿಗಳಿಗೆ ಸ್ವಂತ ಅಧಿಕಾರವಿಲ್ಲ. ರಾಜ್ಯದ ಹಣಕಾಸು ಇಲಾಖೆ ಒಪ್ಪಬೇಕು. ಇಲಾಖೆ ಒಪ್ಪುವುದಿಲ್ಲ, ಹುದ್ದೆ ವರ್ಷಗಟ್ಟಲೆ ಖಾಲಿ ಬೀಳುತ್ತದೆ, ಅತಿಥಿ ಉಪನ್ಯಾಸಕರಿಂದ ತರಗತಿ ಸಾಗುತ್ತದೆ. (‘ಅತಿಥಿ’ ಎಂಬ ಹೆಸರು ಎಷ್ಟು ಸೊಗಸು! ಹತ್ತು ವರ್ಷ ದುಡಿದರೂ ಅತಿಥಿಯೇ.) ಕಾಯಂ ಅಧ್ಯಾಪಕರು ಇಲ್ಲದ ಕಡೆ ಸಂಶೋಧನೆ ಕುಗ್ಗುತ್ತದೆ, ಶ್ರೇಣಿ ಇಳಿಯುತ್ತದೆ, ಶ್ರೇಣಿ ಇಳಿದದ್ದರಿಂದ ಕೇಂದ್ರದ ಹಣ ತಪ್ಪುತ್ತದೆ. ಆಗ ಅದೇ ಸರಕಾರ ‘ನಿಮ್ಮ ಸಾಧನೆ ಸಾಲದು’ ಎನ್ನುತ್ತದೆ. ಎತ್ತಿಗೆ ಹುಲ್ಲು ಹಾಕದೆ ಉಳುಮೆ ಏಕೆ ಸಾಗಲಿಲ್ಲವೆಂದು ಕೇಳುವ ರೈತನನ್ನು ನಮ್ಮ ಹಳ್ಳಿಗಳಲ್ಲಿ ಯಾರೂ ಒಪ್ಪುವುದಿಲ್ಲ.

ಆದಾಯದ ಇನ್ನೊಂದು ಬದಿಯೂ ಹೀಗೆಯೇ. ರಾಜ್ಯ ವಿಶ್ವವಿದ್ಯಾನಿಲಯಗಳಿಗೆ ಸಂಯೋಜಿತ ಕಾಲೇಜುಗಳಿಂದ ಪರೀಕ್ಷೆಯ ಫೀ, ಸಂಯೋಜನೆಯ ಫೀ ಬರುತ್ತದೆ. 2022ರಲ್ಲಿ ಕರ್ನಾಟಕ ಸರಕಾರ ಬೀದರ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಹಾಸನ, ಕೊಡಗು, ಚಾಮರಾಜನಗರಗಳಲ್ಲಿ ಹೊಸ ವಿಶ್ವವಿದ್ಯಾನಿಲಯಗಳಿಗೆ ಕಾಯಿದೆ ಮಾಡಿತು. ಕಾಲೇಜುಗಳು ಹೊಸ ಮನೆಗೆ ಹೋದವು, ಅವುಗಳ ಫೀಯೂ ಹೋಯಿತು. ನಿವೃತ್ತರ ಪಿಂಚಣಿ ಹಳೆಯ ಮನೆಯಲ್ಲಿಯೇ ಉಳಿಯಿತು. ಮೈಸೂರು ವಿಶ್ವವಿದ್ಯಾನಿಲಯ ಪಿಂಚಣಿಗೆ ಹಣ ಹೊಂದಿಸಲು ಪಟ್ಟ ಪಾಡನ್ನು ನೀವು ಪತ್ರಿಕೆಗಳಲ್ಲಿ ಓದಿದ್ದೀರಿ. ಹೊಸ ಮನೆಗಳಾದರೂ ಹಸನಾದವೆ? ಹಣವಿಲ್ಲ, ಜಾಗವಿಲ್ಲ, ಜನವಿಲ್ಲ ಎಂದು 2025ರ ಫೆಬ್ರವರಿಯಲ್ಲಿ ಸಂಪುಟದ ಉಪಸಮಿತಿಯೊಂದು ಹೊಸ ಹತ್ತರಲ್ಲಿ ಒಂಬತ್ತನ್ನು ಮುಚ್ಚುವುದು ಲೇಸೆಂದು ಅಭಿಪ್ರಾಯಪಟ್ಟಿತು. ತೆರೆಯುವುದು ತಪ್ಪಾಗಿತ್ತೆ, ಮುಚ್ಚುವುದು ತಪ್ಪೆ ಎಂದು ವಾದಿಸುವವರು ವಾದಿಸಲಿ. ನನಗೆ ಕಾಣುವುದಿಷ್ಟು: ಚಾಮರಾಜನಗರದ ಹುಡುಗಿಗೆ ಮೈಸೂರಿಗೆ ಹೋಗದೆ ಎಂ.ಎ. ಓದಲು ಸಾಧ್ಯವಾಗಬೇಕೆಂಬ ಅಗತ್ಯ ನಿಜವಾದುದಾಗಿತ್ತು, ಅದನ್ನು ಪೂರೈಸುವ ಹಣವನ್ನು ಯಾರೂ ಇಡಲಿಲ್ಲ. ಅಲ್ಲಿ ಗುರಿ ತಪ್ಪಿದವರು ಯಾರು?

ಇನ್ನು ನಮ್ಮ ಮನೆಯ ಬಾಗಿಲಿಗೇ ಬರೋಣ. ಹೊರನಾಡಿನ ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳು ಚಿಕ್ಕವು. ಮುಂಬಯಿಯಲ್ಲಿದೆ, ಮದ್ರಾಸಿನಲ್ಲಿದೆ. ತಲೆ ಎಣಿಸುವ ಅಳತೆಯಲ್ಲಿ ಇವು ಎಂದೂ ಗೆಲ್ಲಲಾರವು. ವಾಣಿಜ್ಯ ವಿಭಾಗದ ಒಂದು ತರಗತಿಯಲ್ಲಿರುವಷ್ಟು ಜನ ಇವಕ್ಕೆ ಹಲವು ವರ್ಷ ಸೇರಿದರೂ ಆಗಲಿಕ್ಕಿಲ್ಲ. ಆದರೆ ಮದ್ರಾಸು ವಿಭಾಗದ ಕೆಲಸವನ್ನು ನೋಡಿ. ಕಿಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾದುದು. ಅದನ್ನು ತಿದ್ದಿ ಬೆಳೆಸಿ, ನಾಲ್ಕು ಸಂಪುಟಗಳಾಗಿ 1968ರಿಂದ 1971ರವರೆಗೆ ಹೊರತಂದವರು ಆ ವಿಶ್ವವಿದ್ಯಾನಿಲಯದ ಕನ್ನಡ ಪ್ರಾಧ್ಯಾಪಕರಾಗಿದ್ದ ಎಂ. ಮರಿಯಪ್ಪ ಭಟ್ಟರು. 1967ರಲ್ಲಿ ಶಂಕರ ಕೆದಿಲಾಯರೊಡನೆ ಅವರು ಸಿದ್ಧಪಡಿಸಿದ ತುಳು–ಇಂಗ್ಲಿಷ್ ನಿಘಂಟೂ ಅಲ್ಲಿಂದಲೇ ಬಂದಿತು. ಭಾಷಾವಾರು ಪ್ರಾಂತಗಳಾದ ಮೇಲೆಯೂ ಮದ್ರಾಸಿನ ಬೊಕ್ಕಸ ಕನ್ನಡದ ಶಬ್ದಗಳಿಗೆ, ತುಳುವಿನ ಶಬ್ದಗಳಿಗೆ ನೆರವಾಯಿತೆಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ‘ಈ ವರ್ಷ ಎಷ್ಟು ಜನ ಪದವೀಧರರು, ಎಷ್ಟು ಜನಕ್ಕೆ ನೌಕರಿ’ ಎಂಬ ಕಾಲಮುಗಳನ್ನು 1967ರಲ್ಲಿ ಆ ವಿಭಾಗದ ಮುಂದಿಟ್ಟಿದ್ದರೆ ಭಟ್ಟರು ಅಲ್ಲಿ ಏನು ಬರೆಯುತ್ತಿದ್ದರು? ನಿಘಂಟಿಗೆ ವರ್ಷದ ಲೆಕ್ಕವಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂದದ್ದು 1969ರಲ್ಲಿ. ಹದಿನಾಲ್ಕು ಸಂಪುಟ ಮುಗಿಯುವ ಹೊತ್ತಿಗೆ ಒಂದು ತಲೆಮಾರೇ ಸರಿದುಹೋಗಿತ್ತು. ಐದು ವರ್ಷದ ಕರಾರಿನಲ್ಲಿ ಇಂಥ ಕೆಲಸಕ್ಕೆ ಯಾವ ಗುರಿ ಬರೆಯುವಿರಿ?

ಆದುದರಿಂದ ನನ್ನ ಅಭಿಪ್ರಾಯ ಇದು. ಗುರಿಯಿರಲಿ. ಪರೀಕ್ಷೆಯ ಫಲಿತಾಂಶ ತಡವಾಗುವುದು, ಪದವಿಪತ್ರಕ್ಕೆ ತಿಂಗಳುಗಟ್ಟಲೆ ಅಲೆಸುವುದು ಇವಕ್ಕೆ ಅಂಕಿ ಹಾಕಿ ಗಡುವು ಕೊಡಿ, ತಪ್ಪಿದರೆ ಕೇಳಿ. ಅಲ್ಲಿ ಯಾವ ಕನಿಕರವೂ ಬೇಡ. ಆದರೆ ಆ ಹಾಳೆಯ ಇನ್ನೊಂದು ಮಗ್ಗುಲಲ್ಲಿ ಸರಕಾರ ಯಾವ ತಾರೀಖಿನೊಳಗೆ ಎಷ್ಟು ಹುದ್ದೆ ತುಂಬುತ್ತದೆ, ಎಷ್ಟು ಹಣ ಬಿಡುಗಡೆ ಮಾಡುತ್ತದೆ ಎಂದೂ ಬರೆದಿರಲಿ. ಎರಡನ್ನೂ ಒಟ್ಟಿಗೆ ಶಾಸನಸಭೆಯ ಮುಂದಿಡಲಿ. ಎಣಿಕೆಗೆ ಸಿಕ್ಕದ ಕೆಲಸವನ್ನು ಆ ವಿಷಯ ಬಲ್ಲ ವಿದ್ವಾಂಸರು ಓದಿ ತೂಗಲಿ. ಹಂಟರ್ ಆಯೋಗದ ನಾಲ್ಕನೆಯ ಮಾತಾದ ‘ಸ್ಥಳದ ಅಗತ್ಯ’ಕ್ಕೆ ನಮೂನೆಯಲ್ಲಿ ಒಂದು ಕಾಲಮು ಇರಲಿ.

ಆ ಕಾಲಮನ್ನು ತುಂಬುವ ಕೆಲಸದಲ್ಲಿ ಮಾತ್ರ ನಮ್ಮ ಪಾಲೂ ಇದೆ. ಈ ನಗರದಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಎಷ್ಟು ಉಳಿದಿವೆ, ಅವುಗಳಲ್ಲಿ ಮಕ್ಕಳೆಷ್ಟು, ಪದವಿ ಪಡೆದು ಕನ್ನಡ ಎಂ.ಎ.ಗೆ ಸೇರಲು ಮನಸ್ಸಿದ್ದೂ ದಾರಿ ತಿಳಿಯದ ಹುಡುಗ ಹುಡುಗಿಯರು ಯಾವ ಯಾವ ಉಪನಗರದಲ್ಲಿದ್ದಾರೆ, ಇದರ ಪಟ್ಟಿ ಯಾವ ಸರಕಾರಿ ಕಚೇರಿಯಲ್ಲಿಯೂ ಸಿಕ್ಕಲಾರದು. ನಗರದ ಕನ್ನಡ ಸಂಘಗಳ ಸದಸ್ಯರ ಪಟ್ಟಿಗಳನ್ನು ಕೂಡಿಸಿದರೆ ಅರ್ಧ ಕೆಲಸ ಮುಗಿದಂತೆ. ಕಾರ್ಯದರ್ಶಿಗಳು ಒಪ್ಪಿದರೆ ಬರುವ ಜೂನ್ ತಿಂಗಳ ಪ್ರವೇಶಕ್ಕೆ ಮುಂಚೆಯೇ ಈ ಪಟ್ಟಿಯನ್ನು ಸಿದ್ಧಪಡಿಸಿ, ಒಂದು ಪ್ರತಿಯನ್ನು ಇಲ್ಲಿಯ ಕನ್ನಡ ವಿಭಾಗಕ್ಕೂ ಇನ್ನೊಂದನ್ನು ವಿಶ್ವವಿದ್ಯಾನಿಲಯದ ಕಚೇರಿಗೂ ತಲಪಿಸಬಹುದು. ನನ್ನ ಬೀದಿಯ ಮನೆಗಳ ಹೆಸರುಗಳನ್ನು ನಾನು ಈಗಾಗಲೇ ಬರೆದು ತಂದಿದ್ದೇನೆ. ಸಭೆ ಮುಗಿದೊಡನೆ ಕಾರ್ಯದರ್ಶಿಗಳ ಕೈಗೆ ಕೊಡುತ್ತೇನೆ.