ಹಲ್ಲುನೋವೂ ಅರಿವಳಿಕೆಯೂ

ಮೂವತ್ತೈದು ವರ್ಷ ತರಗತಿಯಲ್ಲಿ ಕರುಣರಸವನ್ನು ಬೋಧಿಸಿದ ನನಗೆ ವೇದನೆಯ ಪಾಠ ಹೇಳಿದ್ದು ಒಂದು ದವಡೆಹಲ್ಲು.

ಹುಳುಕು ಕಂಡಾಗಲೇ ವೈದ್ಯರಲ್ಲಿಗೆ ಹೋಗಬಹುದಿತ್ತು. ಸೂಜಿಯ ಭಯದಿಂದ ಲವಂಗ ಅಗಿಯುತ್ತ ಎರಡು ವರ್ಷ ತಳ್ಳಿದೆ. ಕೆನ್ನೆ ಊದಿಕೊಂಡ ಮೇಲೆ ಹೋದೆ. ಮಗಳ ವಯಸ್ಸಿನ ದಂತವೈದ್ಯೆ ನೋಡಿ, “ಕೀವು ತುಂಬಿದೆ ಸಾರ್, ಇಲ್ಲಿ ಔಷಧಿ ಸರಿಯಾಗಿ ಹಿಡಿಯುವುದಿಲ್ಲ” ಎಂದರು. ಆ ಮಾತಿನ ಅರ್ಥವನ್ನು ಆಮೇಲೆ ಕೇಳಿ ತಿಳಿದುಕೊಂಡೆ.

ನೋವು ಹಲ್ಲಿನಲ್ಲಿ ಹುಟ್ಟಿದರೂ ಅದರ ಅರಿವಾಗುವುದು ಮಿದುಳಿನಲ್ಲಿ. ಸುದ್ದಿಯನ್ನು ಒಯ್ಯುವುದು ನರ. ನರದ ಪೊರೆಯಲ್ಲಿ ಸೋಡಿಯಂ ಕಣಗಳು ಒಳನುಗ್ಗುವ ಸೂಕ್ಷ್ಮದ್ವಾರಗಳಿವೆ. ಅವು ತೆರೆದರೆ ಸುದ್ದಿ ಸಾಗುತ್ತದೆ. ಔಷಧಿ ಅವನ್ನು ಕೆಲಕಾಲ ಮುಚ್ಚಿಡುತ್ತದೆ. ‘ಅರಿವಳಿಕೆ’ ಎನ್ನುತ್ತೇವಾದರೂ ಇಲ್ಲಿ ಅರಿವು ಅಳಿಯುವುದಿಲ್ಲ. ಎಚ್ಚರವಿರುತ್ತದೆ, ಒತ್ತುವುದು ಎಳೆಯುವುದು ತಿಳಿಯುತ್ತದೆ. ನೋವು ಮಾತ್ರ ತಿಳಿಯದು.

1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನ್ ಹನಿಯಿಂದ ಕಣ್ಣನ್ನು ಮರಗಟ್ಟಿಸಿದರು. ಅನತಿಕಾಲದಲ್ಲೇ ಅಮೆರಿಕದ ಶಸ್ತ್ರವೈದ್ಯ ಹಾಲ್‌ಸ್ಟೆಡ್ ಅದನ್ನು ದವಡೆಯ ನರದ ಬಳಿ ಚುಚ್ಚಿ ಫಲ ಕಂಡರು. ತಮ್ಮ ಮೇಲೆಯೇ ಪ್ರಯೋಗಿಸಿಕೊಂಡು ಅದರ ಚಟಕ್ಕೂ ಸಿಲುಕಿದರು. 1905ರಲ್ಲಿ ಜರ್ಮನಿಯಿಂದ ಪ್ರೊಕೇನ್ ಬಂದಿತು. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ರೂಪಿಸಿದ ಲಿಗ್ನೊಕೇನ್ ಇಂದಿಗೂ ನಮ್ಮಲ್ಲಿ ಬಳಕೆಯಲ್ಲಿದೆ. ರಕ್ತನಾಳಗಳು ಸಂಕುಚಿಸಿ ಔಷಧಿ ಬೇಗ ಕೊಚ್ಚಿಹೋಗದಿರಲೆಂದು ಅದರೊಡನೆ ಅತ್ಯಲ್ಪ ಅಡ್ರಿನಲಿನ್ ಬೆರೆಸುವುದುಂಟು. ಆದ್ದರಿಂದ ಹೃದ್ರೋಗ, ರಕ್ತದೊತ್ತಡ ಇರುವವರು ವೈದ್ಯರಿಗೆ ಮೊದಲೇ ತಿಳಿಸಬೇಕು.

ಕೀವುಗಟ್ಟಿದ ಜಾಗದಲ್ಲಿ ಆಮ್ಲಾಂಶ ಹೆಚ್ಚು. ಅಲ್ಲಿ ಔಷಧಿಯ ಬಹುಭಾಗ ನರದ ಪೊರೆಯನ್ನು ದಾಟಲಾರದು. ನೋವಿಗೆ ಅಂಜಿ ದಿನ ದೂಡಿದವನಿಗೇ ನೋವಿನ ಪರಿಹಾರ ದುರ್ಲಭವಾಗುತ್ತದೆ! ವೈದ್ಯೆ ಕೀವಿನಿಂದ ದೂರ, ಕೆಳದವಡೆಯ ಮೂಳೆಯನ್ನು ನರ ಹೊಗುವೆಡೆಯಲ್ಲಿ ಚುಚ್ಚಿದರು. ಒಂದು ಸಲಕ್ಕೆ ಸಾಲಲಿಲ್ಲ. ಎರಡನೆಯ ಸಲಕ್ಕೆ ಅರ್ಧ ತುಟಿ ಮರಗಟ್ಟಿತು. ಆದರೂ ಹಲ್ಲು ಕೀಳುವಾಗ ಒಂದು ಕ್ಷಣ ಕಣ್ಣಲ್ಲಿ ನೀರು ಬಂದಿತು. ಅದು ನನ್ನ ಎರಡು ವರ್ಷಗಳ ಬಡ್ಡಿ.

ಸೂಜಿಯ ಭಯವನ್ನು ನನ್ನ ಮೊಮ್ಮಗಳಿಗೆ ಕಲಿಸಿದವನೂ ನಾನೇ. ಮರುತಿಂಗಳು ಅವಳ ಹಲ್ಲಿನಲ್ಲಿ ಕಪ್ಪು ಚುಕ್ಕೆ ಕಂಡೊಡನೆ ಕೈಹಿಡಿದು ಕರೆದೊಯ್ದೆ. ಚುಚ್ಚಿದಾಗ ಮುಖ ಹಿಂಡಿದಳು, ಅಷ್ಟೇ, ಹಲ್ಲು ಉಳಿಯಿತು. ಮರಗಟ್ಟಿದ ತುಟಿಯನ್ನು ಮಕ್ಕಳು ಅರಿಯದೆ ಕಚ್ಚಿಕೊಳ್ಳುವುದುಂಟಂತೆ. ಜೋಮು ಇಳಿಯುವವರೆಗೆ ಅವಳಿಗೆ ತಿನ್ನಲು ಏನೂ ಕೊಡದೆ, ಕಥೆ ಹೇಳುತ್ತ ಪಕ್ಕದಲ್ಲೇ ಕುಳಿತಿದ್ದೆ.