ತೊಗಲಿಗೆ ಯಾವ ಅಚ್ಚು?



ಕರಿಘಟ್ಟದ ಸುತ್ತಿನ ಊರುಗಳಿಂದ ಬಂದಿದ್ದೀರಿ. ತೊಗಲಿನ ಪರ್ಸು, ಚೀಲ ಮಾಡೋಣ ಅಂತ ನಮ್ಮ ಸಂಘಗಳಲ್ಲಿ ಮಾತಾಗಿದೆ. ತೊಗಲು ಮುಟ್ಟೋದಾ ಅಂತ ಮೂಗು ಮುರಿಯುವವರೂ ಇದ್ದಾರೆ. ಮುರಿಯಲಿ. ಅವರೇನು ಚಪ್ಪಲಿ ಮೆಟ್ಟೋದಿಲ್ವಾ?

ಪರ್ಸಿನ ಮೇಲೆ ಹೂವೋ ನವಿಲೋ ಉಬ್ಬಿ ಕಾಣಬೇಕು. ಅದಕ್ಕೆ ಅಚ್ಚು ಬೇಕು. ಅಚ್ಚಿಗೆ ಸಂಘದ ಉಳಿತಾಯದ ಹಣ ಹಾಕಬೇಕು. ಆದ್ದರಿಂದ ಯಾವುದರಲ್ಲಿ ಮಾಡಿಸಬೇಕು ಎಂದು ಯೋಚಿಸೋಣ.

ಅಚ್ಚು ನಮಗೆ ಹೊಸದಲ್ಲ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕುತ್ತೇವೆ. ಆಲೆಮನೆಯಲ್ಲಿ ಅಚ್ಚುಬೆಲ್ಲ ಕಂಡಿದ್ದೇವೆ. ಅಲ್ಲಿ ಪಾಕ ತಾನೇ ಹರಿದು ತುಂಬುತ್ತದೆ. ತೊಗಲು ಹಾಗಲ್ಲ. ಅದನ್ನು ಬಲವಾಗಿ ಒತ್ತಬೇಕು.

ಮೊದಲು ತೊಗಲನ್ನು ನೋಡಿ. ತಂಗಡಿ ತೊಗಟೆ, ಜಾಲಿ ತೊಗಟೆಯಲ್ಲಿ ಹದ ಮಾಡಿದ ತೊಗಲು ಒಂದು ಬಗೆ. ಕ್ರೋಮ್ ರಾಸಾಯನಿಕದಲ್ಲಿ ಹದ ಮಾಡಿದ್ದು ಇನ್ನೊಂದು ಬಗೆ. ತುಂಡು ತೊಗಲನ್ನು ಸ್ವಲ್ಪ ಒದ್ದೆ ಮಾಡಿ. ರೂಪಾಯಿ ನಾಣ್ಯ ಇಟ್ಟು ಗಟ್ಟಿಯಾಗಿ ಒತ್ತಿ. ಒಣಗಿದ ಮೇಲೂ ಗುರುತು ಉಳಿಯಿತಾ? ಅದು ತೊಗಟೆಯ ತೊಗಲು ಇರಬೇಕು. ನಮ್ಮ ಕೆಲಸಕ್ಕೆ ಅದೇ ಸರಿ. ಕ್ರೋಮ್ ತೊಗಲಿನಲ್ಲಿ ಗುರುತು ಸರಿಯಾಗಿ ನಿಲ್ಲುವುದಿಲ್ಲ.

ಈಗ ಅಚ್ಚು. ಕಬ್ಬಿಣದ್ದು ಕಡಿಮೆ ಬೆಲೆಗೆ ಆಗುತ್ತೆ ಅಂತ ಹೇಳುವವರು ಸಿಗುತ್ತಾರೆ. ಕೇಳಬೇಡಿ. ಬಾಳೆಕಾಯಿ ಹೆಚ್ಚಿದರೆ ಕಬ್ಬಿಣದ ಈಳಿಗೆ ಕಪ್ಪಾಗುತ್ತೆ, ಅಲ್ವಾ? ಅದು ಬಾಳೆಕಾಯಿಯ ಒಗರಿನ ಗುಣ. ತೊಗಟೆಯಲ್ಲೂ ಒಗರು ಇದೆ. ಹಿಂದೆ ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಕಪ್ಪು ಶಾಯಿ ಮಾಡುತ್ತಿದ್ದರು. ಒದ್ದೆ ತೊಗಲಿಗೆ ಕಬ್ಬಿಣ ಸೋಕಿದರೂ ಹಾಗೇ ಕಪ್ಪು ಕಲೆ ಬೀಳುತ್ತದೆ. ತೊಳೆದರೆ ಹೋಗದು. ಪರ್ಸು ಯಾರು ಕೊಳ್ಳುತ್ತಾರೆ?

ಮರದ ಅಚ್ಚು ದೊಡ್ಡ ಹೂವಿಗೆ ಆದೀತು. ಚನ್ನಪಟ್ಟಣದ ಗೊಂಬೆ ಮಾಡುವ ಹಾಲೆಮರ ಮೆದು. ಬೀಟೆ, ಹುಣಸೆ ಗಟ್ಟಿ. ಆದರೂ ಮರ ನೀರು ಕುಡಿದು ಉಬ್ಬುತ್ತೆ, ಸೀಳುತ್ತೆ. ಸಣ್ಣ ಗೆರೆ ಮುರಿಯುತ್ತೆ.

ಅಕ್ರಿಲಿಕ್ ಅನ್ನುವ ದಪ್ಪ ಪ್ಲಾಸ್ಟಿಕ್ ಹಾಳೆ ಇದೆ. ಪೇಟೆಯಲ್ಲಿ ಲೇಸರ್ ಯಂತ್ರದಿಂದ ಕೊರೆದುಕೊಡುತ್ತಾರೆ. ಬೆಲೆ ಕಡಿಮೆ. ಬಿಸಿ ಮಾತ್ರ ತಡೆಯದು. ಮೊದಲ ಅಚ್ಚು ಇದರಲ್ಲೇ ಇರಲಿ ಎನ್ನುತ್ತೇವೆ. ನವಿಲು ಸಂತೆಯಲ್ಲಿ ಹೋಗದಿದ್ದರೆ ನಷ್ಟ ಸಣ್ಣದು.

ನವಿಲಿಗೆ ಬೇಡಿಕೆ ಬಂತೋ, ಆಗ ಹಿತ್ತಾಳೆ. ಅದು ಕಬ್ಬಿಣದ ಹಾಗೆ ಕಪ್ಪು ಮಾಡದು. ಬಿಸಿ ತಡೆಯುತ್ತದೆ. ಸಾವಿರಾರು ಸಲ ಒತ್ತಿದರೂ ಗೆರೆ ಸವೆಯುವುದು ಕಡಿಮೆ. ನಮ್ಮ ನಾಗಮಂಗಲ ಲೋಹದ ವಿಗ್ರಹಗಳ ಎರಕಕ್ಕೆ ಹೆಸರಾದ ಊರು. ಅಲ್ಲಿ ವಿಚಾರಿಸಿ. ಎರಕ ಹೊಯ್ದರಷ್ಟೇ ಸಾಲದು. ಆಮೇಲೆ ಉಳಿಯಿಂದ ಗೆರೆ ತಿದ್ದಿಕೊಡಬೇಕು. ಆ ಕೂಲಿಯನ್ನೂ ಸೇರಿಸಿ ಬೆಲೆ ಕೇಳಿ.

ಸಂಘದ ಹೆಸರನ್ನೂ ಹಾಕಿಸುತ್ತೀರಲ್ಲ? ಅಚ್ಚಿನಲ್ಲಿ ಅಕ್ಷರ ಎಡ ಬಲ ತಿರುಗಿರಬೇಕು. ಆಗಲೇ ತೊಗಲಿನ ಮೇಲೆ ನೇರ ಬರುವುದು. ಅಚ್ಚನ್ನು ಕನ್ನಡಿಗೆ ಹಿಡಿದು ಓದಿ. ಒಬ್ಬರಲ್ಲ, ಎಲ್ಲರೂ ಓದಿ. ಒಂದು ಒತ್ತಕ್ಷರ ಬಿಟ್ಟಿದ್ದರೂ, ಒಂದು ದೀರ್ಘ ತಪ್ಪಿದ್ದರೂ ಬೆರಳಿಟ್ಟು ತೋರಿಸಿ. ಸರಿಮಾಡಿ ತಂದ ಮೇಲೆ ಉಳಿದ ಹಣ ಕೊಡಿ.