ಬಂಜೆ ಎಂಬ ಮಾತು



‘ಸಂಧ್ಯಾ’ ಎಂಬುದು ‘ಸಂಜೆ’ಯಾದಂತೆ ‘ವಂಧ್ಯಾ’ ಎಂಬುದು ‘ಬಂಜೆ’ಯಾಯಿತೆಂದು ನಾನು ಮೂವತ್ತು ವರ್ಷ ತದ್ಭವ ಪ್ರಕರಣದ ಪಾಠ ಹೇಳಿದವನು. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಇದರ ಪುಲ್ಲಿಂಗ ರೂಪ ಯಾವುದು ಸಾರ್?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಕಣ್ಣ ಮುಂದೆ ಬಂದವಳು ನಮ್ಮ ಅಕ್ಕ. ಅರಳಿಕಟ್ಟೆ ಸುತ್ತಿ, ನಾಗರಪ್ರತಿಷ್ಠೆ ಮಾಡಿಸಿ, ಕೊನೆಗೆ ಸೀಮಂತದ ಮನೆಗಳಿಗೆ ಹೋಗುವುದನ್ನೇ ಬಿಟ್ಟವಳು. ದೋಷವೆಲ್ಲ ಅವಳ ಒಡಲಿನದೇ ಎಂದು ಊರು ತೀರ್ಮಾನಿಸಿತ್ತು. ಭಾವನವರನ್ನು ಯಾರೂ ಪರೀಕ್ಷೆಗೆ ಕರೆದೊಯ್ಯಲಿಲ್ಲ.

ಗಂಡಿನ ಪಾಲಿನ ಮಾತು ಹಾಗಿರಲಿ, ಒಡಲಿನ ಹೊರಗಿನ ಲೋಕಕ್ಕೂ ಇದರಲ್ಲಿ ಪಾಲುಂಟು. ಹೆಣ್ಣುಮಗು ಹುಟ್ಟುವಾಗ ಅದರ ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಅಂಡಗಳಿರುತ್ತವೆ. ಮೈನೆರೆಯುವ ವೇಳೆಗೆ ಉಳಿಯುವುದು 3-4 ಲಕ್ಷ. ಜೀವಮಾನದಲ್ಲಿ ಬಲಿತು ಹೊರಬರುವುದು ಸುಮಾರು 400. ಈ ಗಂಟು ವಯಸ್ಸಿನೊಡನೆ ಕರಗುತ್ತ ಹೋಗುತ್ತದೆ. ತಂಬಾಕಿನ ಹೊಗೆಯಲ್ಲಿರುವ ವಿಷಗಳು ಅದನ್ನು ಇನ್ನೂ ಬೇಗ ಕರಗಿಸುತ್ತವೆ. ಧೂಮಪಾನ ಮಾಡುವ ಸ್ತ್ರೀಯರಲ್ಲಿ ಮುಟ್ಟು ಸರಾಸರಿ ಒಂದೆರಡು ವರ್ಷ ಮೊದಲೇ ನಿಲ್ಲುತ್ತದೆ.

1976ರ ಜುಲೈ 10ರಂದು ಇಟಲಿಯಲ್ಲಿ, ಮಿಲಾನ್ ನಗರದ ಉತ್ತರಕ್ಕಿರುವ ಸೆವೆಸೊ ಪಟ್ಟಣದ ಬಳಿ, ರಾಸಾಯನಿಕ ಕಾರ್ಖಾನೆಯೊಂದರಿಂದ ಡಯಾಕ್ಸಿನ್ ಬೆರೆತ ಮೋಡ ಹೊರನುಗ್ಗಿತು. ಅಲ್ಲಿನ ವೈದ್ಯರು ಜನರ ರಕ್ತದ ಮಾದರಿಗಳನ್ನು ಜೋಪಾನವಾಗಿ ತೆಗೆದಿರಿಸಿದರು. ಅವುಗಳ ಆಧಾರದಿಂದ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರಕ್ತದಲ್ಲಿ ಆ ವಿಷ ಹತ್ತು ಪಟ್ಟು ಹೆಚ್ಚಿದಂತೆ ಗರ್ಭ ನಿಲ್ಲಲು ಹಿಡಿದ ಕಾಲ ಸುಮಾರು ಕಾಲುಭಾಗ ಹೆಚ್ಚಿದ್ದುದು ಕಂಡುಬಂತು. ಮೋಡ ಕರಗಿ ಎಷ್ಟೋ ವರ್ಷಗಳಾದ ಮೇಲೂ ಅದರ ಲೆಕ್ಕ ಹೆಂಗಸರ ಮೈಯಲ್ಲಿ ಉಳಿದಿತ್ತು.

1998ರಲ್ಲಿ ಅಮೆರಿಕದ ಪ್ರಯೋಗಶಾಲೆಯೊಂದರಲ್ಲಿ ಪ್ಲಾಸ್ಟಿಕ್ ಪಂಜರಗಳನ್ನು ತಪ್ಪು ಮಾರ್ಜಕದಿಂದ ತೊಳೆದರು. ಸವೆದ ಪ್ಲಾಸ್ಟಿಕ್‌ನಿಂದ ಬಿಸ್ಫಿನಾಲ್ ಒಸರಿ, ಹೆಣ್ಣಿಲಿಗಳ ಅಂಡಗಳಲ್ಲಿ ವರ್ಣತಂತುಗಳ ಜೋಡಣೆಯೇ ಕೆಟ್ಟಿತು. ಇಲಿಗೆ ಆದದ್ದು ನಮಗೂ ಹಾಗೆಯೇ ಆಗುವುದೆಂದು ಹೇಳುವಂತಿಲ್ಲ; ಆದರೆ ಬಿಸಿ ಅಡುಗೆಯನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬುವ ಮುನ್ನ ಒಂದು ಗಳಿಗೆ ಯೋಚಿಸಬಹುದು.

ನಮ್ಮ ಅಕ್ಕನಿಗೆ ಮಕ್ಕಳಾಗದಿದ್ದುದಕ್ಕೆ ಕಾರಣವೇನೆಂದು ನಾನು ಬಲ್ಲವನಲ್ಲ. ಅವಳು ತೀರಿಹೋಗಿ ವರ್ಷಗಳಾದವು. ಗಾಳಿ, ನೀರು, ವಯಸ್ಸು, ರೋಗ, ಗಂಡಿನ ದೇಹ, ಇಷ್ಟು ಕಾರಣಗಳಿರುವಲ್ಲಿ ನಾವು ಒಬ್ಬಳನ್ನೇ ಬೊಟ್ಟುಮಾಡಿ ತೋರಿದೆವು ಎಂಬುದನ್ನು ಮಾತ್ರ ಬಲ್ಲೆ.

ಆ ವಿದ್ಯಾರ್ಥಿನಿ ಇಂದು ಎದುರಾದರೆ ಹೇಳುವೆ: ಆ ಮಾತಿಗೆ ಪುಲ್ಲಿಂಗವನ್ನು ಹುಡುಕುವುದು ಬೇಡ ತಾಯಿ, ಸ್ತ್ರೀಲಿಂಗವನ್ನೂ ಕೈಬಿಡೋಣ.